ಉದ್ದೇಶಿತವಲ್ಲದ ಯಂತ್ರದಲ್ಲಿ ಕನ್ನಡ ತಂತ್ರಾಂಶ: ಹಳೆಯ ಗಣಕ ಕಡತಗಳ ಓದನ್ನು ಕುರಿತು

ಒಂದು ಗಣಕವ್ಯವಸ್ಥೆಗೆಂದು ರಚಿತವಾದ ತಂತ್ರಾಂಶವನ್ನು ಅದಕ್ಕೆ ಉದ್ದೇಶಿತವಲ್ಲದ ಮತ್ತೊಂದು ವ್ಯವಸ್ಥೆಯಲ್ಲಿ ನಡೆಸುವುದು ಹೇಗೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಯಂತ್ರಶಾಸ್ತ್ರಜ್ಞರಿಗೆ ಸೇರಿದ್ದು. ಚರಿತ್ರೆಯ ಪಾಠ ಹೇಳುವ ನಾವು ಅದರಲ್ಲಿ ಕೈಹಾಕುವುದೇಕೆಂದು ವಾಚಕರು ಕೇಳಬಹುದು. ಕಾರಣ ಸರಳವಾದುದು. 1990ರ ದಶಕದಿಂದ ಈಚೆಗೆ ಕನ್ನಡ ನಾಡಿನ ಸರ್ಕಾರಿ ಆದೇಶಗಳು, ಸಂಶೋಧನ ಪ್ರಬಂಧಗಳು, ಸ್ಥಳೀಯ ಚರಿತ್ರೆಗಳು, ಅಭಿನಂದನ ಗ್ರಂಥಗಳು, ಸಂಘಸಂಸ್ಥೆಗಳ ವರದಿಗಳು ಹೆಚ್ಚುಹೆಚ್ಚಾಗಿ ಗಣಕದಲ್ಲಿಯೇ ಮೈತಳೆದವು. ಅಚ್ಚಾದದ್ದು ಕಾಗದದ ಮೇಲೆ ಉಳಿದಿದೆ. ಅಚ್ಚಾಗದ ಕರಡು, ಟಿಪ್ಪಣಿ, ಸಂದರ್ಶನ, ಕ್ಷೇತ್ರಕಾರ್ಯದ ಬರವಣಿಗೆಗಳು ಎಷ್ಟೋ ವೇಳೆ ಗಣಕದ ಕಡತಗಳಲ್ಲಿ ಮಾತ್ರ ಇವೆ. ಆ ಕಡತಗಳನ್ನು ಬರೆದ ತಂತ್ರಾಂಶಗಳು ಇಂದಿನ ಯಂತ್ರಗಳಲ್ಲಿ ನಿರಾತಂಕವಾಗಿ ನಡೆಯುವುದಿಲ್ಲವಾದುದರಿಂದ, ಅವುಗಳನ್ನು ನಡೆಸುವ ವಿದ್ಯೆ ಆಕರಗಳನ್ನು ಓದುವ ವಿದ್ಯೆಯ ಒಂದು ಅಂಗವೇ ಆಗಿದೆ ಎಂಬುದು ನಮ್ಮ ಅಭಿಪ್ರಾಯ.

ಕಡತವೆಂಬ ಮಾತಿಗೇ ಒಂದು ಚರಿತ್ರೆಯಿದೆ. ಬಟ್ಟೆಗೆ ಕಪ್ಪು ಲೇಪವನ್ನು ಹಚ್ಚಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅದರ ಮೂಲಾರ್ಥ. ಶೃಂಗೇರಿ ಮಠದ ಕಡತಗಳು ಸಂಶೋಧಕರಿಗೆ ಚಿರಪರಿಚಿತ. ಅದೇ ಮಾತು ಕಛೇರಿಯ ಕಾಗದದ ಕಟ್ಟಿಗೆ ಬಂದು, ಈಗ ಗಣಕದೊಳಗಿನ ದಾಖಲೆಗೂ ಬಂದಿದೆ. ಆದರೆ ಬಟ್ಟೆಯ ಕಡತವನ್ನು ಓದಲು ಕಣ್ಣೂ ಅಕ್ಷರಜ್ಞಾನವೂ ಸಾಕು. ಗಣಕದ ಕಡತ ಹಾಗಲ್ಲ. ಅದನ್ನು ತೆರೆಯಲು ತಂತ್ರಾಂಶ ಬೇಕು, ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಬೇಕು, ಆ ವ್ಯವಸ್ಥೆಗೆ ತಕ್ಕ ಯಂತ್ರ ಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ದಾಖಲೆ ಮೂಕವಾಗುತ್ತದೆ.

ತಂತ್ರಾಂಶವು ಒಂದು ಯಂತ್ರಕ್ಕೆ ಏಕೆ ಕಟ್ಟುಬೀಳುತ್ತದೆ? ಅದು ಆಜ್ಞೆಗಳ ಒಂದು ಸರಣಿ. ಪ್ರತಿಯೊಂದು ಜಾತಿಯ ಸಂಸ್ಕಾರಕಕ್ಕೂ ತನ್ನದೇ ಆದ ಆಜ್ಞೆಗಳ ಭಾಷೆಯುಂಟು. ಒಂದರ ಭಾಷೆ ಮತ್ತೊಂದಕ್ಕೆ ತಿಳಿಯದು. ಇದಲ್ಲದೆ ಕಡತವನ್ನು ತೆರೆ, ಪರದೆಯ ಮೇಲೆ ಬರೆ, ಮುದ್ರಕಕ್ಕೆ ಕಳುಹಿಸು ಎಂಬ ನಿತ್ಯದ ಕೆಲಸಗಳನ್ನು ತಂತ್ರಾಂಶ ತಾನೇ ಮಾಡದೆ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳಿ ಮಾಡಿಸಿಕೊಳ್ಳುತ್ತದೆ. ವಿಂಡೋಸ್ ವ್ಯವಸ್ಥೆಯನ್ನು ಕೇಳುವ ರೀತಿಯೇ ಬೇರೆ, ಲಿನಕ್ಸ್ ವ್ಯವಸ್ಥೆಯನ್ನು ಕೇಳುವ ರೀತಿಯೇ ಬೇರೆ. ಹೀಗಿದ್ದರೂ, ಸಾಕಷ್ಟು ಸ್ಮೃತಿಯೂ ಕಾಲವೂ ಇದ್ದರೆ ಒಂದು ಸಾರ್ವತ್ರಿಕ ಯಂತ್ರವು ಬೇರೆ ಯಾವ ಗಣಕಯಂತ್ರದ ನಡೆಯನ್ನಾದರೂ ಅನುಕರಿಸಬಲ್ಲದೆಂಬುದನ್ನು ಅಲನ್ ಟ್ಯೂರಿಂಗ್ 1936ರಲ್ಲಿಯೇ ತಾತ್ತ್ವಿಕವಾಗಿ ತೋರಿಸಿದ್ದನು.

ವ್ಯಾಪಾರದ ಲೋಕ ಈ ತತ್ತ್ವವನ್ನು ಬೇಗನೆ ಹಿಡಿಯಿತು. ಐಬಿಎಂ ಸಂಸ್ಥೆ 1964ರಲ್ಲಿ ಸಿಸ್ಟಂ 360 ಎಂಬ ಹೊಸ ಪೀಳಿಗೆಯನ್ನು ಹೊರತಂದಾಗ, ಗಿರಾಕಿಗಳ ಬಳಿ 1401 ಎಂಬ ಹಳೆಯ ಯಂತ್ರಕ್ಕಾಗಿ ಬರೆಸಿದ ತಂತ್ರಾಂಶಗಳ ರಾಶಿಯೇ ಇದ್ದಿತು. ಅದನ್ನೆಲ್ಲ ಬಿಸಾಡಿ ಬನ್ನಿರೆಂದರೆ ಯಾರು ಬರುತ್ತಾರೆ? ಆದುದರಿಂದ 1401ರಂತೆ ವರ್ತಿಸುವ ಶಕ್ತಿಯನ್ನು ಹೊಸ ಯಂತ್ರದೊಳಗೇ ಅಡಗಿಸಿಟ್ಟರು.

ನಮ್ಮ ದಕ್ಷಿಣ ಬೆಂಗಳೂರಿಗೆ ಸಂಬಂಧಪಟ್ಟ ನಿದರ್ಶನವೂ ಒಂದುಂಟು. ಪುಣೆಯಲ್ಲಿ 1981ರಲ್ಲಿ ಹುಟ್ಟಿದ ಇನ್ಫೋಸಿಸ್ ಸಂಸ್ಥೆ 1983ರಲ್ಲಿ ಬೆಂಗಳೂರಿಗೆ ಬಂದಿತು. ಆಡುಗೋಡಿಯ ಮೈಕೊ ಕಾರ್ಖಾನೆ ಭಾರತದಲ್ಲಿ ಅದರ ಆರಂಭದ ಗಿರಾಕಿ. ಆ ಸಂಸ್ಥೆ ವಿದೇಶದಿಂದ ತರಿಸಿಕೊಂಡ ಮೊದಲ ಗಣಕ ಡೇಟಾ ಜನರಲ್ ಸಂಸ್ಥೆಯ ಎಂವಿ 8000. 1980ರಲ್ಲಿ ಹೊರಬಂದ ಈ 32 ಬಿಟ್ಟಿನ ಯಂತ್ರದ ವೈಶಿಷ್ಟ್ಯವೆಂದರೆ, ಅದೇ ಸಂಸ್ಥೆಯ ಹಿಂದಿನ 16 ಬಿಟ್ಟಿನ ಎಕ್ಲಿಪ್ಸ್ ಯಂತ್ರಗಳ ತಂತ್ರಾಂಶವನ್ನು ಬದಲಾವಣೆಯಿಲ್ಲದೆ ನಡೆಸುವಂತೆ ಅದನ್ನು ರೂಪಿಸಿದ್ದು. ಆ ರಚನೆಯ ಕಥೆಯನ್ನು ಟ್ರೇಸಿ ಕಿಡರ್ 1981ರ ಒಂದು ಪ್ರಸಿದ್ಧ ಗ್ರಂಥದಲ್ಲಿ ಬರೆದಿದ್ದಾನೆ. ಬೆಂಗಳೂರಿನ ತಂತ್ರಾಂಶೋದ್ಯಮದ ಆದಿಯಲ್ಲಿಯೇ, ಹಳೆಯದನ್ನು ಕೈಬಿಡದೆ ಹೊಸದಾದ ಒಂದು ಯಂತ್ರ ನಿಂತಿರುವುದು ಗಮನಾರ್ಹವಾದುದು.

ಮೇಲಿನ ನಿದರ್ಶನಗಳಲ್ಲಿ ಯಂತ್ರ ಮಾರುವವನಿಗೇ ಹಳೆಯ ತಂತ್ರಾಂಶವನ್ನು ಉಳಿಸುವ ಗರಜಿತ್ತು. ಕನ್ನಡಕ್ಕೆ ಅಂಥ ಆಸರೆ ದೊರೆಯಲಿಲ್ಲ. ಕನ್ನಡದ ಗಣಕಬರಹ ಆರಂಭದಿಂದಲೂ ತನಗಾಗಿ ರೂಪಿಸದ ಯಂತ್ರದಲ್ಲಿ, ತನಗಾಗಿ ಬರೆಯದ ತಂತ್ರಾಂಶದೊಳಗೆ, ಬಾಡಿಗೆ ಮನೆಯ ಸಂಸಾರದಂತೆ ನಡೆದುಬಂದದ್ದು. ಈ ಸಂಗತಿಯನ್ನು ತುಸು ವಿಸ್ತಾರವಾಗಿಯೇ ನೋಡಬೇಕು. ಇಂದಿನ ತೊಡಕೆಲ್ಲವೂ ಅಲ್ಲಿಂದ ಹೊರಟಿದೆ.

1980ರ ದಶಕದ ಗಣಕಗಳು ರೋಮನ್ ಲಿಪಿಯನ್ನು ಮಾತ್ರ ಬಲ್ಲವಾಗಿದ್ದವು. ಆಗ ಕಾನ್ಪುರದ ಐಐಟಿಯಲ್ಲಿ ರೂಪುಗೊಂಡು, 1988ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಮೂಲಕ ಪ್ರಚಾರಕ್ಕೆ ಬಂದ ಜಿಸ್ಟ್ ಎಂಬ ಫಲಕ ಒಂದು ಜಾಣ ಉಪಾಯವನ್ನು ಮಾಡಿತು. ಗಣಕದ ಹೊಟ್ಟೆಯೊಳಗೆ ಈ ಫಲಕವನ್ನು ಸೇರಿಸಿದರೆ, ವರ್ಡ್‌ಸ್ಟಾರ್, ಡಿಬೇಸ್ ಮುಂತಾದ ಇಂಗ್ಲಿಷ್ ತಂತ್ರಾಂಶಗಳು ತಮಗೇ ತಿಳಿಯದಂತೆ ಭಾರತೀಯ ಲಿಪಿಗಳನ್ನು ಪರದೆಯ ಮೇಲೆ ತೋರಿಸುತ್ತಿದ್ದವು. ತಂತ್ರಾಂಶ ಅಂಕಿಗಳನ್ನು ಕಳುಹಿಸುತ್ತಿತ್ತು. ಫಲಕ ಅವುಗಳನ್ನು ಅಕ್ಷರವಾಗಿ ಬಿಡಿಸುತ್ತಿತ್ತು. ಇದಕ್ಕೆ ಆಧಾರವಾದ ಇಸ್ಕಿ ಸಂಕೇತಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಬ್ರಾಹ್ಮಿಯಿಂದ ಇಳಿದುಬಂದ ಲಿಪಿಗಳ ವರ್ಣಮಾಲೆ ಒಂದೇ ಕ್ರಮದ್ದೆಂಬುದನ್ನು ಅರಿತು ಮಾಡಿದ ಯೋಜನೆಯದು. ಲಿಪಿಶಾಸ್ತ್ರ ಓದಿದವರಿಗೆ ಅದರಲ್ಲಿ ಸಂತೋಷಪಡುವ ಅಂಶವಿದೆ.

ಆದರೆ ಕನ್ನಡ ನಾಡಿನ ಸಾಮಾನ್ಯ ಬಳಕೆ ಬೇರೆ ದಾರಿಯನ್ನು ಹಿಡಿಯಿತು. ವಿಂಡೋಸ್ ಬಂದ ಮೇಲೆ, ಫಲಕದ ಖರ್ಚಿಲ್ಲದೆ ಕನ್ನಡ ಬರೆಯುವ ಸುಲಭೋಪಾಯವೊಂದು ಹಬ್ಬಿತು. ಫಾಂಟು ಎಂದು ವಾಡಿಕೆಯಲ್ಲಿರುವ ಅಕ್ಷರಗಳ ಪೆಟ್ಟಿಗೆಯಲ್ಲಿ ರೋಮನ್ ಅಕ್ಷರಗಳ ಆಕಾರವನ್ನು ತೆಗೆದು, ಅವುಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಇಡುವುದೇ ಆ ಉಪಾಯ. ಗಣಕದ ಪಾಲಿಗೆ ಬರಹ ರೋಮನ್ನಿನಲ್ಲಿಯೇ ಇರುತ್ತದೆ. ಕಣ್ಣಿಗೆ ಕಾಣುವುದು ಕನ್ನಡ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಬರಹ, 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಸರ್ಕಾರಿ ಕಛೇರಿಗಳಲ್ಲಿ ನೆಲೆನಿಂತ ನುಡಿ, ಇವೆರಡೂ ಆ ಕಾಲದಲ್ಲಿ ಈ ಬಗೆಯ ಫಾಂಟುಗಳನ್ನು ಬಳಸಿದವು. ಇವುಗಳಿಂದ ಕನ್ನಡಕ್ಕೆ ಆದ ಉಪಕಾರ ಸಾಮಾನ್ಯವಾದುದಲ್ಲ; ಅವು ಇರದಿದ್ದರೆ ಒಂದು ಪೀಳಿಗೆಯ ಬರಹಗಾರರು ಗಣಕದಲ್ಲಿ ಕನ್ನಡವನ್ನು ಕಾಣುತ್ತಲೇ ಇರಲಿಲ್ಲ. ಜಯನಗರ, ಬನಶಂಕರಿಗಳಲ್ಲಿ ಕಾಲೇಜುಗಳ ಸುತ್ತ ಹುಟ್ಟಿಕೊಂಡ ಡಿಟಿಪಿ ಅಂಗಡಿಗಳಲ್ಲಿ ಎಷ್ಟು ಎಂಫಿಲ್, ಪಿಎಚ್‌ಡಿ ಪ್ರಬಂಧಗಳು ಈ ಅಕ್ಷರಗಳಲ್ಲಿ ಬೆರಳಚ್ಚಾದುವೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ತಮ್ಮ ಅನುಭವದಿಂದಲೇ ಬಲ್ಲರು.

ಈ ಏರ್ಪಾಡಿನ ಒಳಗನ್ನು ತಿಳಿಯಲು ಜಯನಗರ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಈ ಹೆಸರನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಹೀಗೆ: ರೋಮನ್ನಿನ ಸಣ್ಣ ಡಿ, ದೊಡ್ಡ ಎ, ಸಣ್ಣ ಐ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಎರಡು ಚುಕ್ಕೆ ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಓರೆಗೆರೆಯ ಎ, ದೊಡ್ಡ ಯು, ಓರೆಗೆರೆಯ ಎ, ಸಣ್ಣ ಜಿ, ಓರೆಗೆರೆಯ ಎ. ಐದಕ್ಷರದ ಹೆಸರಿಗೆ 11 ಸಂಕೇತಗಳು. ಓರೆಗೆರೆಯ ಎ ಎಂಬುದು ತಲೆಕಟ್ಟು. ಯಕಾರಕ್ಕೆ ಸ್ವಂತ ಸ್ಥಾನವೇ ಇಲ್ಲ. ಅದನ್ನು ನಾಲ್ಕು ತುಂಡುಗಳಿಂದ ಜೋಡಿಸಿದೆ, ಮೊದಲನೆಯ ತುಂಡು ಸೊನ್ನೆ. ಬನಶಂಕರಿಯಲ್ಲಿ ನಾವು ಉಚ್ಚರಿಸುವ ಸೊನ್ನೆಗೂ ಜಯನಗರದ ಯಕಾರದ ಎಡಗಡೆಯ ಸೊನ್ನೆಗೂ ಯಂತ್ರದ ದೃಷ್ಟಿಯಲ್ಲಿ ಭೇದವಿಲ್ಲ. ಮಕಾರವೂ ಹಾಗೆಯೇ, ವಕಾರಕ್ಕೆ ಒಂದು ಕೊಂಬನ್ನು ಸೇರಿಸಿದ ರೂಪ.

ಹಿಂದೆ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವವರೂ ಹೀಗೆಯೇ ತುಂಡುಗಳಿಂದ ಅಕ್ಷರ ಕಟ್ಟುತ್ತಿದ್ದರಲ್ಲವೆ ಎಂದು ಕೇಳಬಹುದು. ನಿಜ. ಆದರೆ ಮೊಳೆಯಿಂದ ಮೂಡಿದ ಪುಟವನ್ನು ಮನುಷ್ಯ ಓದುತ್ತಾನೆ; ಗಣಕದ ಕಡತವನ್ನು ಮನುಷ್ಯನಿಗಿಂತ ಮೊದಲು ಯಂತ್ರ ಓದುತ್ತದೆ. ಇಂಥ ಕಡತದಲ್ಲಿ ‘ನವ’ ಎಂಬುದನ್ನು ಹುಡುಕಿದರೆ ‘ನಮ್ಮ’, ‘ನಮಸ್ಕಾರ’ಗಳೆಲ್ಲ ಎದ್ದುಬರುತ್ತವೆ, ‘ಜಂ’ ಎಂದು ಹುಡುಕಿದವನಿಗೆ ಜಯನಗರ ಸಿಕ್ಕುತ್ತದೆ. ಅಕಾರಾದಿಯಾಗಿ ಜೋಡಿಸೆಂದರೆ ರೋಮನ್ ಕ್ರಮದಲ್ಲಿ ಜೋಡಿಸಿಕೊಡುತ್ತದೆ. ವಾಕ್ಯದ ಮೊದಲಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಇಂಗ್ಲಿಷ್ ತಂತ್ರಾಂಶದ ಉಪಚಾರವಂತೂ ಇನ್ನೂ ವಿಚಿತ್ರವಾದುದು. ಸಣ್ಣ ಕ್ಯೂ ಇರುವ ಸ್ಥಾನದಲ್ಲಿ ಡಕಾರವಿದೆ, ದೊಡ್ಡ ಕ್ಯೂ ಇರುವಲ್ಲಿ ‘ಕಿ’ ಇದೆ. ಆದಕಾರಣ ಡಕಾರದಿಂದ ಆರಂಭವಾದ ವಾಕ್ಯದ ತಲೆಯಲ್ಲಿ ‘ಕಿ’ ಬಂದು ಕುಳಿತುಕೊಳ್ಳುತ್ತಿತ್ತು. ಹಳೆಯ ಕಡತಗಳಲ್ಲಿ ಇಂಥ ಅಕ್ಷರಪಲ್ಲಟವನ್ನು ಕಂಡಾಗ, ಅದು ಲೇಖಕನ ಅಜ್ಞಾನವೋ ಯಂತ್ರದ ಕೈವಾಡವೋ ಎಂದು ವಿಚಾರಿಸಬೇಕಾಗುತ್ತದೆ. ಓಲೆಗರಿಯ ಪ್ರತಿಕಾರರ ಸ್ಖಾಲಿತ್ಯಗಳನ್ನು ವರ್ಗೀಕರಿಸುವ ಗ್ರಂಥಸಂಪಾದಕರಿಗೆ ಇದೊಂದು ಹೊಸ ವರ್ಗ.

ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪದ್ಧತಿ 1991ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯನ್ನು ಬಿಟ್ಟುಕೊಟ್ಟಿತ್ತು. ಅದರಲ್ಲಿ ಜಯನಗರಕ್ಕೆ ಐದೇ ಸಂಕೇತ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟಿನೊಡನೆ ಅದನ್ನು ಬೆಂಬಲಿಸಿತು. ಆದರೂ ಬಳಕೆ ತಡವಾಯಿತು. ಪುಟವಿನ್ಯಾಸಕ್ಕೆ ಕನ್ನಡ ಮುದ್ರಣಲೋಕ ನಂಬಿದ್ದ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ 2001ರಲ್ಲಿ ಬಂದದ್ದು. ಅದಕ್ಕೆ ಯೂನಿಕೋಡ್ ತಿಳಿಯದು. ಪುಸ್ತಕ ಅಚ್ಚಾಗಬೇಕಾದರೆ ಹಳೆಯ ಫಾಂಟೇ ಗತಿಯೆಂಬ ಸ್ಥಿತಿ ಬಹುಕಾಲ ನಡೆಯಿತು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಪೋಷಣೆ 2014ರ ಏಪ್ರಿಲ್ 8ರಂದು ನಿಂತುಹೋದ ಮೇಲೂ, ಈ ಒಂದು ಕಾರಣಕ್ಕಾಗಿ ಮೂಲೆಯಲ್ಲಿ ಹಳೆಯ ಗಣಕವೊಂದನ್ನು ಕಾಪಾಡಿಕೊಂಡ ಅಂಗಡಿಗಳನ್ನು ನಾವು ಕಂಡಿದ್ದೇವೆ. ಆ ಮುದಿಯಂತ್ರವೂ ಒಂದು ರೀತಿಯ ದಫ್ತರಖಾನೆ ಎಂದು ನಮಗೆ ಆಗ ತೋರಿತು.

ಆ ಯಂತ್ರ ಕೆಟ್ಟ ದಿನ ಮಾಡುವುದೇನು? ಮೊದಲನೆಯ ದಾರಿ ಪರಿವರ್ತನೆ. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಈಗ ಧಾರಾಳವಾಗಿ ಸಿಕ್ಕುತ್ತವೆ. ನಿತ್ಯದ ಕೆಲಸಕ್ಕೆ ಅವು ಸಾಕು. ಕೆಲಸ ಮಾತ್ರ ತೋರುವಷ್ಟು ಸುಲಭದ್ದಲ್ಲ. ಹಳೆಯ ಪದ್ಧತಿ ಅಕ್ಷರವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ, ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ ಇಡುತ್ತದೆ. ‘ಕೀರ್ತನೆ’ ಎಂಬಲ್ಲಿ ಅರ್ಕಾವೊತ್ತು ಹಳೆಯ ಕಡತದಲ್ಲಿ ತಕಾರದ ಅನಂತರ ಬರುತ್ತದೆ. ಅದನ್ನು ಎತ್ತಿ ತಕಾರದ ಹಿಂದಕ್ಕೆ ಇಡಬೇಕು. ಇದಕ್ಕಿಂತ ದೊಡ್ಡ ಅಪಾಯ ಅಡಿಟಿಪ್ಪಣಿಗಳದು. ಚರಿತ್ರೆಯ ಪ್ರಬಂಧದಲ್ಲಿ ಕನ್ನಡ ವಾಕ್ಯದ ಕೆಳಗೆ ಇಂಗ್ಲಿಷ್ ಗ್ರಂಥದ ಹೆಸರಿರುವುದು ಸಹಜ. ಕಡತದೊಳಗೆ ಎರಡೂ ರೋಮನ್ ಸಂಕೇತಗಳೇ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ಹೇಳುವ ಏಕೈಕ ಸಾಕ್ಷಿ ಅವುಗಳಿಗೆ ಹಚ್ಚಿದ ಫಾಂಟಿನ ಹೆಸರು. ಆ ಹೆಸರನ್ನು ಗಮನಿಸದೆ ಬರಹವನ್ನು ಮಾತ್ರ ನಕಲು ಮಾಡಿ ಪರಿವರ್ತನೆಗೆ ಕೊಟ್ಟರೆ, ಆಕರಗ್ರಂಥಗಳ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡಾಕ್ಷರಗಳಾಗಿ ಹೊರಬರುತ್ತವೆ. ಮೂಲಕಡತವನ್ನು ಅಳಿಸಿಬಿಟ್ಟಿದ್ದರೆ ಅವು ಏನಾಗಿದ್ದವೆಂದು ಹೋಲಿಸಿ ನೋಡುವ ಆಧಾರವೇ ಇರುವುದಿಲ್ಲ. ಪರಿವರ್ತಿತ ಪ್ರತಿ ಒಂದು ಪಾಠಾಂತರ. ಅದನ್ನು ಮೂಲವೆಂದು ಭಾವಿಸಕೂಡದು.

ಎರಡನೆಯದು ಹಳೆಯ ತಂತ್ರಾಂಶಕ್ಕೆ ದುಭಾಷಿಯನ್ನು ಒದಗಿಸುವ ದಾರಿ. 1993ರಲ್ಲಿ ಆರಂಭವಾಗಿ, 15 ವರ್ಷಗಳ ದುಡಿಮೆಯ ಅನಂತರ 2008ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ವೈನ್ ಎಂಬ ತಂತ್ರಾಂಶ ಮಾಡುವುದು ಇದನ್ನೇ. ಲಿನಕ್ಸ್ ಯಂತ್ರದಲ್ಲಿ ವಿಂಡೋಸಿನ ತಂತ್ರಾಂಶವನ್ನು ತೆರೆದಾಗ, ಅದು ವಿಂಡೋಸನ್ನು ಕೇಳಿದ್ದನ್ನೆಲ್ಲ ವೈನ್ ಲಿನಕ್ಸಿನ ಭಾಷೆಗೆ ತಿರುಗಿಸಿ ಉತ್ತರವನ್ನು ತಂದುಕೊಡುತ್ತದೆ. ಅತಿಥಿಗೆ ತಾನು ಪರಸ್ಥಳದಲ್ಲಿರುವುದೇ ತಿಳಿಯುವುದಿಲ್ಲ. ಆದರೆ ನುಡಿಯಂಥ ತಂತ್ರಾಂಶಕ್ಕೆ ಇಲ್ಲಿ ಒಂದು ವಿಶೇಷ ಕಷ್ಟವಿದೆ. ಕೀಲಿಮಣೆಯ ಒತ್ತುಗಳನ್ನು ನಡುವೆಯೇ ತಡೆದು, ಅವುಗಳ ಬದಲು ಕನ್ನಡದ ಸಂಕೇತಗಳನ್ನು ಎದುರಿಗಿರುವ ತಂತ್ರಾಂಶಕ್ಕೆ ಕಳುಹಿಸುವುದು ಅದರ ಮುಖ್ಯ ಕೆಲಸ. ವೈನಿನೊಳಗೆ ಕುಳಿತ ನುಡಿಗೆ ವೈನಿನೊಳಗಿನ ಒತ್ತುಗಳು ಮಾತ್ರ ಸಿಕ್ಕುತ್ತವೆ; ಹೊರಗೆ ಲಿನಕ್ಸಿನ ಬರಹಗಾರ ತಂತ್ರಾಂಶದಲ್ಲಿ ಒತ್ತಿದ್ದು ಅದಕ್ಕೆ ಕೇಳಿಸದು. ಓದುವ ಕೆಲಸಕ್ಕೆ ಈ ತೊಡಕಿಲ್ಲ. ಫಾಂಟು ಒಂದು ಕಡತವೇ ಹೊರತು ನಡೆಯುವ ತಂತ್ರಾಂಶವಲ್ಲವಾದುದರಿಂದ ಅದನ್ನು ಯಾವ ವ್ಯವಸ್ಥೆಗಾದರೂ ಸೇರಿಸಬಹುದು. ಬರೆಯುವ ವಿಷಯದಲ್ಲಿಯೂ ಒಂದು ಸಮಾಧಾನವುಂಟು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಗೆ ಆಧಾರವಾದ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲಿ ಕಗಪ ಎಂಬ ಹೆಸರಿನಿಂದ ನೇರವಾಗಿಯೇ ಲಭ್ಯವಿದೆ. ತಂತ್ರಾಂಶ ಗಡಿ ದಾಟದ ಕಡೆ ವಿನ್ಯಾಸ ದಾಟಿದೆ. ಬೆರಳುಗಳ ಅಭ್ಯಾಸ ವ್ಯರ್ಥವಾಗಲಿಲ್ಲ.

ಮೂರನೆಯ ದಾರಿ ಹಳೆಯ ಯಂತ್ರವನ್ನೇ ತಂತ್ರಾಂಶದ ರೂಪದಲ್ಲಿ ಮರಳಿ ಕಟ್ಟುವುದು. ಎಮ್ಯುಲೇಟರ್ ಎಂದು ಇದಕ್ಕೆ ಹೆಸರು. 2002ರಿಂದ ಬಳಕೆಯಲ್ಲಿರುವ ಡಾಸ್‌ಬಾಕ್ಸ್ ಹಳೆಯ ಡಾಸ್ ಗಣಕವನ್ನು ಹೊಸ ಯಂತ್ರದ ಒಂದು ಕಿಟಕಿಯಲ್ಲಿ ಎಬ್ಬಿಸಿ ನಿಲ್ಲಿಸುತ್ತದೆ. 64 ಬಿಟ್ಟಿನ ವಿಂಡೋಸ್ ತನ್ನ ಹಿರಿಯರಾದ 16 ಬಿಟ್ಟಿನ ತಂತ್ರಾಂಶಗಳನ್ನು ನಡೆಸದೆ ಕೈಬಿಟ್ಟಿರುವುದರಿಂದ, 1990ರ ದಶಕದ ಸಾಮಗ್ರಿಗೆ ಇಂಥ ಆಶ್ರಯ ಅನಿವಾರ್ಯ. ಇದರ ಹತ್ತಿರದ ಬಂಧು ಮಿಥ್ಯಾಯಂತ್ರ; ವಿಂಡೋಸ್ ಎಕ್ಸ್‌ಪಿ, ಅದರೊಳಗೆ ಪೇಜ್‌ಮೇಕರ್, ಅದರೊಳಗೆ ನುಡಿ, ಇಡೀ ಸಂಸಾರವನ್ನು ಒಂದೇ ಕಡತವಾಗಿ ಕಟ್ಟಿಡಲು ಇದರಲ್ಲಿ ಸಾಧ್ಯ. ಆದರೆ ಎಮ್ಯುಲೇಟರ್ ತನಗೆ ವಿವರಿಸಿದ್ದನ್ನು ಮಾತ್ರ ಅನುಕರಿಸಬಲ್ಲದು. ಜಿಸ್ಟ್ ಫಲಕವನ್ನು ನೆಚ್ಚಿದ ತಂತ್ರಾಂಶವನ್ನು ಡಾಸ್‌ಬಾಕ್ಸಿನಲ್ಲಿ ತೆರೆದರೆ ತಂತ್ರಾಂಶ ನಡೆಯಬಹುದು, ಕನ್ನಡ ಕಾಣಿಸದು, ಕನ್ನಡವಿದ್ದದ್ದು ಫಲಕದಲ್ಲಿ. ಮುದ್ರಕದ ಕಂಡಿಗೆ ಸಿಕ್ಕಿಸಬೇಕಾದ ಬೀಗವನ್ನು ಕೇಳುವ ಹಳೆಯ ಲಿಪಿತಂತ್ರಾಂಶಗಳದೂ ಇದೇ ಪಾಡು. ಬೀಗ ಕಳೆದರೆ ಒಡೆಯನಿಗೂ ಪ್ರವೇಶವಿಲ್ಲ.

ಈ ದಾರಿಯ ಬೆಲೆಯನ್ನು ತಿಳಿಯಲು ಇಂಗ್ಲೆಂಡಿನ ಒಂದು ಪ್ರಸಂಗ ಉಪಯುಕ್ತವಾದುದು. ಅಲ್ಲಿನ ದೊರೆ ವಿಲಿಯಂ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಎಂಬ ಭೂದಾಖಲೆಯನ್ನು ನಮ್ಮ ವಿದ್ಯಾರ್ಥಿಗಳು ಓದಿರುತ್ತಾರೆ. ಅದರ 900ನೆಯ ವರ್ಷದ ಸ್ಮರಣೆಗಾಗಿ ಬಿಬಿಸಿ ಸಂಸ್ಥೆ 1986ರಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಜನರ ನೆರವಿನಿಂದ, ಹೊಸದೊಂದು ಡೂಮ್ಸ್‌ಡೇ ಸಂಗ್ರಹವನ್ನು ಲೇಸರ್ ತಟ್ಟೆಗಳ ಮೇಲೆ ಹೊರತಂದಿತು. ಅದನ್ನು ಓದಲು ಒಂದು ವಿಶಿಷ್ಟ ಗಣಕವೂ ವಿಶಿಷ್ಟ ತಟ್ಟೆಯಂತ್ರವೂ ಬೇಕಿತ್ತು. ಸುಮಾರು 15 ವರ್ಷಗಳಲ್ಲಿ ಎರಡೂ ವಿರಳವಾದವು. ಚರ್ಮದ ಹಾಳೆಯ ಮೂಲಗ್ರಂಥವನ್ನು ಲ್ಯಾಟಿನ್ ಬಲ್ಲವನು ಓದಬಹುದಾಗಿದ್ದಾಗ ಅದರ ಮರಿಯನ್ನು ಓದುವವರು ದುರ್ಲಭರಾದರು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಆ ಗಣಕದ ಎಮ್ಯುಲೇಟರನ್ನು ಕಟ್ಟಿ 2002ರಲ್ಲಿ ಅದನ್ನು ಮತ್ತೆ ಮಾತನಾಡಿಸಿದರು. ಆ ಕೆಲಸ ಸಾಧ್ಯವಾದದ್ದು ಮೂಲ ಯಂತ್ರ, ತಟ್ಟೆ, ತಂತ್ರಾಂಶಗಳಲ್ಲಿ ಕೆಲವಾದರೂ ಆಗ ಇನ್ನೂ ಜೀವದಿಂದಿದ್ದುದರಿಂದ.

ನುಡಿಯ ಮೊದಲ ಆವೃತ್ತಿಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಅವುಗಳನ್ನು ಬಳಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಅನುಸ್ಥಾಪನೆಯ ಸಿ.ಡಿ.ಗಳು ಬೀರುಗಳಲ್ಲಿ ಇವೆ. ಇತಿಹಾಸ ವಿಭಾಗಗಳು ಮಾಡಬಹುದಾದದ್ದು ಬಹಳವಿಲ್ಲ, ಆದರೆ ಕಷ್ಟದ್ದೂ ಅಲ್ಲ. ವಿದ್ಯಾರ್ಥಿಯಿಂದಲೋ ನಿವೃತ್ತ ಅಧ್ಯಾಪಕರಿಂದಲೋ ಹಳೆಯ ಕಡತವನ್ನು ಪಡೆಯುವಾಗ ಮೂಲವನ್ನು ಮುಟ್ಟದೆ ಒಂದು ಪ್ರತಿ, ಯೂನಿಕೋಡಿಗೆ ತಿರುಗಿಸಿದ ಒಂದು ಪ್ರತಿ, ಹಳೆಯ ತಂತ್ರಾಂಶದಲ್ಲಿಯೇ ತೆರೆದು ಅಚ್ಚು ಹಾಕಿದ ಒಂದು ಕಾಗದದ ಪ್ರತಿ, ಹೀಗೆ ಮೂರನ್ನು ಒಟ್ಟಿಗೆ ಇಡಬೇಕು. ಪರಿವರ್ತನೆಯಲ್ಲಿ ಸಂದೇಹ ಬಂದಾಗ ನಿರ್ಣಯ ಹೇಳುವುದು ಕಾಗದದ ಪ್ರತಿ. ಅವುಗಳ ಜೊತೆಗೆ ಬಳಸಿದ ಫಾಂಟಿನ ಕಡತವನ್ನೂ, ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಕಾರ್ಯಾಚರಣ ವ್ಯವಸ್ಥೆ, ಬೆರಳಚ್ಚಾದ ವರ್ಷ ಇವಿಷ್ಟನ್ನು ಬರೆದ ಒಂದು ಚೀಟಿಯನ್ನೂ ಸೇರಿಸಬೇಕು. ಚೀಟಿಯನ್ನು ಮಾತ್ರ ಗಣಕದಲ್ಲಿಡದೆ ಮಸಿಯಿಂದ ಕಾಗದದ ಮೇಲೆ ಬರೆದು ಪೆಟ್ಟಿಗೆಯೊಳಗೆ ಇಡುವುದು ಒಳ್ಳೆಯದು.